ಪಾಪ

ಮಂಗಳವಾರ. ಹಾಸನದ ಸಂತೆ.
ಸಂಶೋಧನಾ ಕೇಂದ್ರದ ಜೀಪು ಹೊಂಗೆ ನೆರಳಲ್ಲಿ.
ಪೆರು ದೇಶದ ನೆಲಿದಾ ಮೇಡಂ,
ಆಲೂಗೆಡ್ಡೆಯ ಅಂಗಮಾರಿ ನೋಡಲು ಬಂದವರು,
ದ್ಯಾವಮ್ಮನ ಗುಡ್ಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು
ಕಪ್ಪು ಕಲೆಯದೊಂದನ್ನು ಅಂಗೈಯಲ್ಲಿ ಹೊರಳಿಸಿ
ಮೆಲ್ಲಗೆ ಅಂದರು:
ಪಾಪ.

ದ್ಯಾವಮ್ಮ ತಕ್ಕಡಿ ಕೆಳಗಿಟ್ಟಳು.
'ಕನ್ನಡ ಬತ್ತದೇನ್ರವ್ವ ನಿಮಗೆ?
ಪಾಪ ಅಲ್ದೆ ಇನ್ನೇನು,
ಎರಡು ದಿನದ ಮಂಜಿಗೆ ಹೊಲವೇ ಸುಟ್ಟಂಗಾಯ್ತು.'

ನಾನು ಬರೀ ಡ್ರೈವರು.
ಆದರೂ ಎರಡು ತಿಂಗಳಿಂದ ಡೀಸೆಲ್ ಲೆಕ್ಕದ ಪುಸ್ತಕದ ಹಿಂದೆ
ಅವರ ಮಾತು ಬರೆದುಕೊಂಡವನು, ಬಾಯಿ ಹಾಕಿದೆ:
ಅದು ಕನಿಕರ ಅಲ್ಲ ಕಣಮ್ಮ, ಗೆಡ್ಡೆಯ ಹೆಸರು.
ಅವರ ಬೆಟ್ಟದಲ್ಲಿ ಹುಟ್ಟಿದಾಗ ಇಟ್ಟದ್ದು, ಪಾಪ.
ಹಡಗು ಹತ್ತಿ ಸ್ಪೇನಿಗೆ ಹೋಯಿತು,
ದಾರಿಯಲ್ಲಿ ಯಾವುದೋ ದ್ವೀಪದ ಗೆಣಸಿನ ಹೆಸರು, ಬಟಾಟ,
ಮೈಗೆ ಅಂಟಿಕೊಂಡು ಪಟಾಟ ಆಯಿತು.
ಇಂಗ್ಲಿಷರ ಬಾಯಲ್ಲಿ ಪೊಟೇಟೊ,
ಘಟ್ಟದ ಕೆಳಗೆ ಇವತ್ತಿಗೂ ಬಟಾಟೆ.

'ನಮ್ಮಲ್ಲಿ ಉರುಳಗೆಡ್ಡೆ' ಅಂದಳು,
'ಉರುಳಿಕೊಂಡೇ ಬಂದದ್ದು ಅನ್ನು.'

ಚಹಾ ಬಂತು. ಸಕ್ಕರೆ ಕಮ್ಮಿ.
ಮೇಡಂ ಲೋಟ ತೋರಿಸಿ 'ಅಸೂಕರ್' ಅಂದರು,
ಚಹಾದ ಹುಡುಗ ತಡವರಿಸದೆ ಸಕ್ಕರೆ ಡಬ್ಬಿ ತಂದ.
ಹೇಗೆ ತಿಳಿಯಿತೋ ಅವನಿಗೆ!
ನಮ್ಮೂರ ಕಡೆಯಿಂದ ಹೋದ ಶರ್ಕರ
ಅರಬರ ಸಂಗಡ ಮರಳುಗಾಡು ದಾಟಿ
ತಲೆಗೊಂದು 'ಅ' ಟೋಪಿ ಹಾಕಿಕೊಂಡು ಸ್ಪೇನಿಗೆ ಇಳಿದದ್ದು;
ಶುಗರ್ ಆಗುವಾಗ ಆ ಟೋಪಿ ಎಲ್ಲೋ ಬಿತ್ತು.
ಇದನ್ನೆಲ್ಲ ಹೇಳಿದೆ. ಹುಡುಗ ಕೇಳಲಿಲ್ಲ.
ಅವನಿಗೆ ಎಂಟು ಲೋಟ ಎಣಿಸಬೇಕಿತ್ತು.

ಮಧ್ಯಾಹ್ನ ದ್ಯಾವಮ್ಮ ಬುತ್ತಿ ಬಿಚ್ಚಿದಳು.
ಬೇಯಿಸಿದ ಎರಡು ಗೆಡ್ಡೆ ಸಿಪ್ಪೆ ಸಮೇತ ಮೇಡಂಗೆ.
ಅವರು ಮುರಿದು, ಬೆರಳ ತುದಿ ಉಜ್ಜಿ ತೋರಿಸಿ
'ಸಾಲ್' ಅಂದರು.

ಈ ಸಲ ನಾನು ಸುಮ್ಮನಿದ್ದೆ.
ಸಾಲ್ ಅಂದರೆ ಉಪ್ಪು,
ಸಾಲ್ಟಿಗೆ ಒಡಹುಟ್ಟು, ಸ್ಯಾಲರಿಗೂ ನೆಂಟು.
ನಮ್ಮ ಉಪ್ಪಿಗೆ ಅಲ್ಲಿ ಯಾರೂ ಇಲ್ಲ.

'ಸಾಲವಾ?' ಅಂದಳು ದ್ಯಾವಮ್ಮ. ಬೆರಳು ನೋಡಿದಳು.
ನಕ್ಕಳು, ಅಲುಗಾಡುವ ಒಂದು ಹಲ್ಲು ಕಾಣುವ ಹಾಗೆ.
'ಸರಿಯಾಗೇ ಅದೆ ಬಿಡಪ್ಪ ಅವರ ಮಾತು.
ಉಪ್ಪು ಅಂದ್ಮೇಲೆ ಸಾಲವೇ.'

ಕೈಗೆ ಕೊಡಲಿಲ್ಲ, ಜಗಳ ಆಗುತ್ತದಂತೆ;
ಎಲೆಕೋಸಿನ ಎಲೆಯೊಂದು ಕಿತ್ತು
ಒಂದು ಚಿಟಿಕೆ ಹಾಕಿ ನೆಲದ ಮೇಲೆ ಸರಿಸಿದಳು.

ರಾತ್ರಿ ಲೆಕ್ಕದ ಪುಸ್ತಕದಲ್ಲಿ
ಪಾಪ, ಸಾಲ: ಎರಡನ್ನೂ ಬರೆದು
'ನಂಟಿಲ್ಲ' ಎಂದು ಷರಾ ಹಾಕಿ
ಕೆಳಗೆ ಗೆರೆ ಎಳೆದೆ.
ಗೆರೆ ಓರೆಯಾಯಿತು.