ಲೋಪಸಂಧಿ

ಬಾಣಾವರದ ಸರ್ಕಾರಿ ಶಾಲೆ, ಸ್ಟಾಫ್‌ರೂಮಿನ ಹಿಂದಿನ ಕೋಣೆ.
ಬೀರುವಿನಿಂದ ಇಳಿಸಿದ ದಾಖಲಾತಿ ಪುಸ್ತಕವನ್ನು
ಗೆದ್ದಲು ಒಂದು ಮೂಲೆಯಿಂದ ಓದಲು ಶುರುಮಾಡಿ
ಸಾವಿರದ ಒಂಬೈನೂರ ನಲವತ್ತಾರಕ್ಕೆ ನಿಲ್ಲಿಸಿದೆ.
ಅದು ನಿಲ್ಲಿಸಿದಲ್ಲಿಂದ ನನ್ನ ಕೆಲಸ:
ಹಳೆ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವುದು,
ಹೆಸರಿಗೆ ಒಂದೂವರೆ ರೂಪಾಯಿ.

ರಂಗೇಗೌಡ ಬಿನ್ ಸಣ್ಣೇಗೌಡ.
ವೆಂಕಟಸುಬ್ಬರಾಯ ಬಿನ್ ನರಹರಿರಾಯ.
ಪುಟ್ಟನಂಜಶೆಟ್ಟಿ ಬಿನ್ ಗಂಗಾಧರಶೆಟ್ಟಿ.
ದುಂಡನೆ ಅಕ್ಷರ, ಮಸಿಯೂ ಧಾರಾಳ.
ಪುಟದ ತಳದಲ್ಲಿ, ಕೊನೆಯ ಗೆರೆಗೂ ಅಂಚಿಗೂ ನಡುವೆ:
ಮಾರ ಬಿನ್ ಕೆಂಚ. ವಯಸ್ಸು ಏಳು.
ಬಿಟ್ಟ ಕಾರಣ: ಹೇಳದೆ ಹೋದ.

ಬೆರಳು ನಿಂತಿತು. ನನ್ನ ಅಜ್ಜ.

ರೈಲ್ವೆ ಗ್ಯಾಂಗಿನಲ್ಲಿ ಮೂವತ್ತೇಳು ವರ್ಷ
ಅರಸೀಕೆರೆ ದಾರಿಗೆ ಜಲ್ಲಿ ತುಂಬಿದವರು.
ಸಂಬಳದ ಚೀಟಿಯಲ್ಲಿ ಮಾರಯ್ಯ ಅಂತಲೇ ಇತ್ತು.
ಚೀಟಿ ಬರೆದ ತಮಿಳು ಗುಮಾಸ್ತನಿಗೆ
ನಮ್ಮೂರ ಕಟ್ಟುಪಾಡು ಗೊತ್ತಿರಲಿಲ್ಲ, ಅಷ್ಟೇ.
ಹೆಸರೇನಯ್ಯಾ, ಅಂತ ಕೇಳಿದನಂತೆ;
ಕೇಳಿದ್ದರಲ್ಲೇ ಇದ್ದ ಅಯ್ಯವನ್ನು
ಅಜ್ಜ ಎತ್ತಿ ತಮ್ಮ ಹೆಸರಿಗೆ ಹಚ್ಚಿಕೊಂಡರು.
ಊರಲ್ಲಿ ಮಾತ್ರ, ಪಿಂಚಣಿ ಬರುವ ಕಾಲಕ್ಕೂ,
ಮೀಸೆ ಮೂಡದ ಹುಡುಗರು ಕೂಗುತ್ತಿದ್ದುದು: ಲೋ ಮಾರಾ.

ಹೈಸ್ಕೂಲಿನಲ್ಲಿ ತ್ರಿವೇಣಮ್ಮ ಮೇಡಂ ಬೋರ್ಡಿಗೆ ಬರೆದಿದ್ದರು:
ಊರು, ಕೂಡಿಸುವ ಚಿಹ್ನೆ, ಅಲ್ಲಿ. ಊರಲ್ಲಿ.
ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಬಿದ್ದುಹೋಗುತ್ತದೆ;
ನೆನಪಿಡಿ, ಅರ್ಥ ಕೆಡದಿದ್ದರೆ ಮಾತ್ರ.
ಇನ್ನೊಂದು ಉದಾಹರಣೆ ಯಾರು ಕೊಡ್ತೀರಿ?
ಕೈ ಎತ್ತಿದೆ. ಊರು, ಆಚೆ. ಊರಾಚೆ.
ಸರಿ, ಅಂದರು. ತುಸು ಹೊತ್ತು
ಒರೆಸಿದ ಬೋರ್ಡನ್ನೇ ಒರೆಸುತ್ತ ನಿಂತರು.

ಮಾರ, ಅಯ್ಯ: ಬೀಳಬೇಕಿದ್ದದ್ದು ಒಂದು ಅಕಾರ.
ಬಿದ್ದದ್ದು ಅಯ್ಯನೇ, ಇಡಿಯಾಗಿ.
ಮುತ್ತಜ್ಜ ಕೆಂಚನ ಪಕ್ಕದಿಂದ ಅಪ್ಪನೂ ಬಿದ್ದ.
ಅವ್ವನ ಹೆಸರಿಗೆ ಕಾಲಮ್ಮೇ ಇಲ್ಲ, ಬೀಳಲಿಕ್ಕೆ.
ಯಾವ ಸೂತ್ರ ಇದು?

ರಾತ್ರಿ ಅಜ್ಜಿಯನ್ನು ಕೇಳಿದೆ.
ಗಂಡನ ಹೆಸರು ಬಾಯಿಬಿಟ್ಟು ಹೇಳುವವಳಲ್ಲ ಅವಳು.
"ಹೇಳ್ದೆ ಹೋದ್ರಂತಾ? ಸುಳ್ಳು ಕಣೆ.
ಜಗಲಿ ಕೆಳಗೆ ಕೂರ್ಸೋರಂತೆ. ಲೆಕ್ಕ ತಪ್ಪಿದ್ರೆ
ಮೇಷ್ಟ್ರು ಅಲ್ಲಿಂದ್ಲೇ ಬೆತ್ತ ಎಸೆಯೋರು, ಮುಟ್ಟಂಗಿಲ್ವಲ್ಲ.
ಬಿದ್ದ ಬೆತ್ತಾನ ಇವ್ರೇ ಎತ್ತಿ ಮೆಟ್ಲು ಮ್ಯಾಲೆ ಇಡ್ಬೇಕು,
ನೀರು ಚಿಮುಕ್ಸಿ ತಕ್ಕೊಳ್ಳೋರು.
ಒಂದಿನ ಇವ್ರು ಇಡ್ಲೇ ಇಲ್ಲ. ಹಿಡ್ಕೊಂಡು ಸೀದಾ ಮನೇಗೆ ಬಂದ್ರು."
ಬೆತ್ತ ಏನಾಯ್ತಜ್ಜಿ?
"ಅವರೆ ಹಂಬಿಗೆ ನೆಟ್ರಂತೆ. ಆ ವರ್ಷ ಕಾಯಿ ಜೋರಂತೆ."

ಇವ್ರು, ಬಂದ್ರು, ನೆಟ್ರು:
ಊರು ಕಸಿದಿಟ್ಟ ಬಹುವಚನವನ್ನು
ಐವತ್ತು ವರ್ಷ ಒಬ್ಬಳೇ ತುಂಬಿಕೊಟ್ಟವಳು.
ನಾನಿನ್ನೂ ಅವಳನ್ನು ಅವಳು ಅಂತಲೇ ಅನ್ನುತ್ತಿದ್ದೇನೆ, ನೋಡಿ.

ಬೆಳಿಗ್ಗೆ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ಹೇಳಿದರು:
ಇದ್ದದ್ದನ್ನು ಇದ್ದಂತೆ ಹೊಡಿಯಮ್ಮ, ದಾಖಲೆ ತಿದ್ದೋ ಹಾಗಿಲ್ಲ.
ಹೊಡೆದೆ. ಮಾರ.
ಪರದೆಯ ಮೇಲೆ ಕೆಂಪು ಅಕ್ಷರ:
ಹೆಸರು ಅಪೂರ್ಣವಾಗಿದೆ. ಮುಂದುವರಿಯಲು ಕಾರಣ ನಮೂದಿಸಿ.

ಎಪ್ಪತ್ತೆಂಟು ವರ್ಷದಲ್ಲಿ
ಹೀಗೆ ಕೇಳಿದ್ದು ಈ ಡಬ್ಬಿ ಒಂದೇ.

ಹುಬ್ಬಳ್ಳಿ ಗಾಡಿ ಹಾದುಹೋಯಿತು. ಕಿಟಕಿ ಅದುರಿತು,
ಗೆದ್ದಲು ಮಣ್ಣು ಪುಟದಿಂದ ಕೀಬೋರ್ಡಿಗೆ ಉದುರಿತು.
ಊದಿ, ಕಾರಣದ ಚೌಕದಲ್ಲಿ ಬರೆದೆ:
ಲೋಪ. ಅರ್ಥ ಕೆಟ್ಟಿದೆ.
ತೆಗೆದುಕೊಂಡಿತು.

ಮುಂದಿನ ಪುಟ.
ದ್ಯಾವ ಬಿನ್ ಹನುಮ. ವಯಸ್ಸು ಎಂಟು.