ಮೂರು ಮಾತಿನ ಕಾವಲುಗಾರ

ಟಿವಿಯ ನಡುವೆ ಆ ಉಂಗುರ ತಿರುಗತೊಡಗಿದರೆ
ಮಾವ ನನ್ನ ಕಡೆ ತಿರುಗುತ್ತಾರೆ.
ಕಿವಿ ಕೇಳದವರು ಉತ್ತರಕ್ಕೆ ಕಾಯುವ ರೀತಿ ಬೇರೆ,
ತುಟಿ ನೋಡುತ್ತಾರೆ. ನನ್ನ ತುಟಿಯಲ್ಲಿ ಏನೂ ಇಲ್ಲ.

ಮೊದಲು ಅನುಮಾನ ವೈರಿನ ಮೇಲೆ.
ನಿಟುವಳ್ಳಿಯ ಈ ಮನೆಯ ಇಲಿಗೆ
ಮಂಡಕ್ಕಿಗಿಂತ ವೈರೇ ರುಚಿ.
ಹೊಸದು ತಂದೆ, ಹತ್ತು ಮೀಟರ್.
ರೌಟರನ್ನು ಫ್ರಿಜ್ಜಿನ ತಲೆಯಿಂದ ಇಳಿಸಿ
ಕಿಟಕಿಯ ಹಲಗೆಗೆ ಏರಿಸಿದೆ.
ಉಂಗುರ ತಿರುಗಿತು.

ನನ್ನ ಅಂಗಡಿಯಲ್ಲಿ ಹನ್ನೊಂದು ವರ್ಷ
ಲಗ್ನಪತ್ರಿಕೆ ಕೂಡಿಸಿ ದಣಿದ ಕಂಪ್ಯೂಟರದು.
ಈಗ ಜೋಳದ ಡಬ್ಬಿಯ ಮೇಲೆ ಕೂತು
ಮನೆಗೆಲ್ಲ ಸಿನಿಮಾ ಬಡಿಸುವ ಕೆಲಸ.
ಏನು ಕೇಳಿದರೂ ಬಡಿಸುತ್ತದೆ,
ಮಾವನ ನಾಟಕ ಬಂದರೆ ಮಾತ್ರ
ಏದುಸಿರು.

ಎಂಬತ್ತೇಳರ ಗಣಪತಿಗೆ ಮಿಲ್ಲಿನವರು ಆಡಿದ್ದು,
ಯಾರೋ ಬಾಡಿಗೆ ಕ್ಯಾಮೆರಾದಲ್ಲಿ ಹಿಡಿದ ಟೇಪು.
ದುಗ್ಗಪ್ಪ, ಅಂದರೆ ನಮ್ಮ ಮಾವ, ಕಾವಲುಗಾರ.
ಮೂರೇ ಮಾತು.
ಮಗ್ಗಗಳು ಆಗಲೇ ಅವರ ಕಿವಿ ಅರ್ಧ ತಿಂದಿದ್ದವು,
ಮಿಲ್ಲು ಮುಚ್ಚುವಷ್ಟರಲ್ಲಿ ಉಳಿದರ್ಧ.
ಹಾಗಾಗಿ ಎಲ್ಲರ ಮಾತನ್ನೂ ನಾನೇ ಕೇಳಿ ಟೈಪಿಸಿದೆ,
ಚಿತ್ರದ ಅಡಿಯಲ್ಲಿ ಬರಲೆಂದು.

ಟಿವಿ ಕನ್ನಡ ಓದಿದ್ದಲ್ಲ.
ಮಹಾಸ್ವಾಮಿ ಎಂದು ಕಳಿಸಿದರೆ
ಖಾಲಿ ಚೌಕ ಸಾಲಾಗಿ ನಿಲ್ಲಿಸಿತು.
ಅದಕ್ಕೇ ಸರ್ವರಿಗೆ ಹೇಳಿದ್ದೆ,
ಅಕ್ಷರವನ್ನು ಚಿತ್ರದೊಳಕ್ಕೇ ಸುಟ್ಟು ಕಳಿಸು ಎಂದು.
ಹೇಳಿದ್ದು ಮರೆತಿದ್ದೆ.

ಮೂರನೇ ರಾತ್ರಿ ಅಡಿಬರಹ ತೆಗೆದು ನೋಡಿದೆ:
ಕಾವಲಿಯ ಮೇಲೆ ಬೆಣ್ಣೆ ಜಾರಿದಂತೆ ನಾಟಕ.
ಮತ್ತೆ ಹಾಕಿದೆ: ಪ್ರೊಸೆಸರು ತೊಂಬತ್ತೆಂಟು, ಉಂಗುರ.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ,
ಒಂದೊಂದನ್ನೂ ಬಿಚ್ಚಿ, ಒತ್ತು ದೀರ್ಘ ಎಲ್ಲ ಅದರ ಮೈಗೆ ಹಚ್ಚಿ,
ಮತ್ತೆ ಮಡಚಿ ಕಳಿಸಬೇಕು,
ಮಾವ ನೋಡುತ್ತಿರುವಾಗಲೇ.
ಓಡುವ ಕುದುರೆಗೆ ಹಚ್ಚೆ ಹುಯ್ಯುವ ಕೆಲಸ.

ಸರಿ, ಯಾರೂ ನೋಡದಾಗ ಒಮ್ಮೆಗೇ ಸುಟ್ಟು ಇಡೋಣ.
ಹತ್ತಕ್ಕೆ ಹಚ್ಚಿ ಮಲಗಿದೆ.
ಎಪ್ಪತ್ತೊಂದು ಪರ್ಸೆಂಟಿಗೆ ಕರೆಂಟು ಹೋಯಿತು.

ಮಾರನೆ ರಾತ್ರಿ ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು.
ರಾಜ ಕೈ ಬೀಸಿದಾಗೆಲ್ಲ ಅಂಚಿಗೆ ಬಾಚಣಿಗೆಯ ಹಲ್ಲು.
ಬೆರಳಿಟ್ಟು ತೋರಿಸಿದರು.
ಹಳೇ ಟೇಪು ಹಂಗೇ ಮಾವ, ಎಂದು ಚೀಟಿಯಲ್ಲಿ ಬರೆದೆ,
ಒಂದು ಸಲ ಬೆಸ ಗೆರೆ, ಒಂದು ಸಲ ಸರಿ ಗೆರೆ.
ಓದಿ ನಕ್ಕರು.
“ಇದನ್ನ ನನಗೆ ಹೇಳಿಕೊಡ್ತೀಯೇನವ್ವ?
ಬೆಸ ಎಳೆ ಎದ್ರೆ ಸರಿ ಎಳೆ ಬೀಳ್ತತಿ, ನಡುವೆ ಲಾಳಿ ಓಡ್ತತಿ.
ಹೊಂದ್ಸು.”
ಹೊಂದಿಸುವ ಗುಂಡಿ ಇತ್ತು. ಒತ್ತಿದೆ.

ಬೆಳಿಗ್ಗೆ ಎಲ್ಲೂ ನಿಲ್ಲಲಿಲ್ಲ.
ನಲವತ್ತೊಂದನೇ ನಿಮಿಷಕ್ಕೆ ಈಟಿ ಹಿಡಿದು,
ಅಂಟಿಸಿದ ಮೀಸೆ ಒಂದು ಕಡೆ ಜಾರಿ, ಮಾವ.
ಅಡಿಯಲ್ಲಿ ನನ್ನ ಅಕ್ಷರ:
ಮಹಾಸ್ವಾಮಿ, ಬಾಗಿಲಲ್ಲಿ ಬಡವರು ನಿಂತಿದ್ದಾರೆ.
ಆಮೇಲೆ: ಭಾರೀ ಚಪ್ಪಾಳೆ, ಸಿಳ್ಳೆ.
ಇಂಥ ಸಪ್ಪೆ ಮಾತಿಗೆ ಸಿಳ್ಳೆ ಯಾಕೆಂದು
ಟೈಪಿಸುವಾಗಲೂ ಅಂದುಕೊಂಡಿದ್ದೆ.

“ನಾನು ಬಡವರು ಅಂದಿಲ್ಲ.”
ಹೆಡ್‌ಫೋನ್ ಹಾಕಿ ನಾನು ಹತ್ತು ಸಲ ಕೇಳಿದ ಮಾತು.
“ಪುಸ್ತಕದಾಗೆ ಇದ್ದಿದ್ದು ಅದೇ.
ನಾನಂದಿದ್ದು ಬದಲಿಯವರು.
ದಿನಾ ಗೇಟಿನ ಹತ್ರ ನಿಲ್ತಿದ್ರಲ್ಲ,
ಯಾರಾದ್ರು ರಜೆ ಹಾಕಿದ್ರೆ ಒಳಗೆ ಕರೀಲಿ ಅಂತ.
ಮ್ಯಾನೇಜರು ಮುಂದಿನ ಸಾಲಿನಾಗೇ ಕುಂತಿದ್ದ.”

ಟೇಪಿನ ಸುಯ್ಯೆನ್ನುವ ಸದ್ದು
ನಡುವಿನ ಎರಡಕ್ಷರ ನುಂಗಿತ್ತು.

ಫೈಲು ತೆರೆದು ಒಂದು ಪದ ಅಳಿಸಿದೆ, ಒಂದು ಪದ ಕೂಡಿಸಿದೆ.
ಇನ್ನು ಮೊದಲಿಂದ ಸುಡಬೇಕು,
ಎರಡು ಗಂಟೆ ಹತ್ತು ನಿಮಿಷ, ಒಂದು ಚಿತ್ರವನ್ನೂ ಬಿಡದೆ.
ಹತ್ತಕ್ಕೆ ಹಚ್ಚಿದೆ. ಫ್ಯಾನು ಜೋರಾಯಿತು.
ಮಾವ ಡಬ್ಬಿಯ ಬಳಿ ಬಗ್ಗಿ
ಕಂಪ್ಯೂಟರಿನ ಮೈಮೇಲೆ ಅಂಗೈ ಇಟ್ಟು
ಸ್ವಲ್ಪ ಹೊತ್ತು ಹಾಗೇ ನಿಂತರು.
“ಓಡ್ತತಿ,” ಅಂದರು.