ಬಕೆಟ್ಟಿನ ತೂಕ

ಕೊಣಾಜೆಯ ಹಾಸ್ಟೆಲ್ ಮೆಸ್ಸಿನ ಬಾಗಿಲಲ್ಲಿ
ದೇರಳಕಟ್ಟೆಯ ಮೀನಂಗಡಿಯಿಂದ ಎರವಲು ತಂದ ತೂಕದ ಮೆಷಿನ್ನು.
ಎಷ್ಟು ತೊಳೆದರೂ ಬಂಗುಡೆಯ ವಾಸನೆ.

ಮಿಸ್ರಿಯಾ ಬೋರ್ಡಿನಲ್ಲಿ ಬರೆಯುತ್ತಾಳೆ:
ಸೋಮವಾರ, ಬಿಟ್ಟ ಅನ್ನ, ಹತ್ತೊಂಬತ್ತು ಕಿಲೋ.
ಎಂಎಸ್ಸಿ ಹುಡುಗರು ನಗುತ್ತಾರೆ,
'ಇನ್ನು ಹಸಿವಿಗೂ ಹಾಜರಿಯಾ ಮಾರಾಯ್ತಿ?'
ಅವಳು ಉತ್ತರಿಸುವುದಿಲ್ಲ. ಚಾಕ್‌ಪೀಸು ಮುರಿದಿದೆ.

ಮಂಗಳವಾರ ಇಪ್ಪತ್ತು.
ಬುಧವಾರ ಬರೇ ನಾಲ್ಕು;
ಪುಂಡಿಯನ್ನು ಯಾರೂ ಬಿಡುವುದಿಲ್ಲ.
ಗುರುವಾರ ಮತ್ತೆ ಗುಡ್ಡ.

ಬಕೆಟ್ ಎತ್ತಿ ತಂದ ಲೀಲಕ್ಕ
ಕೆಂಪು ಅಂಕಿ ಕುಣಿದು ನಿಲ್ಲುವ ಮೊದಲೇ
ಹೇಳಿದರು: ಇಪ್ಪತ್ತೆರಡು.
ಇಪ್ಪತ್ತೆರಡೇ ಉಂಟು.

'ಹೇಗೆ ಗೊತ್ತಾಯಿತು ಲೀಲಕ್ಕ?'
'ಹದಿನೇಳು ವರ್ಷದ ಭುಜ ಮಗಾ.
ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.'

ಆ ರಾತ್ರಿ ಮಿಸ್ರಿಯಾ
ಬೋರ್ಡು ಪೂರ್ತಿ ಒರೆಸಿದಳು.
ಮರುದಿನದಿಂದ, ನಕ್ಕ ಹುಡುಗರಿಗೆ
ಒಬ್ಬೊಬ್ಬರಿಗೂ ಒಂದೊಂದು ಹೊತ್ತು,
ಕೈಗೆ ಬಕೆಟ್ಟಿನ ಹಿಡಿ.
ಹಿಂದಿನ ಗೊಬ್ಬರದ ಗುಂಡಿಗೆ
ಮುರಕಲ್ಲಿನ ಮೆಟ್ಟಿಲು ಇಪ್ಪತ್ತಾರು.

ಹತ್ತನೆಯದರಲ್ಲಿ ಕೂತು ಉಸಿರೆಳೆದ ದೀಕ್ಷಿತ್
ಅಂದಿನಿಂದ ಅರ್ಧ ಸೌಟು ಸಾಕೆನ್ನುತ್ತಾನೆ,
ಬೇಕಾದರೆ ಮತ್ತೆ ಬರುತ್ತಾನೆ, ನಾಚದೆ.

ನಿನ್ನೆ ಮೂರೂವರೆ ಕಿಲೋ.
ಬರೆಯಲು ಯಾರಿಗೂ ನೆನಪಾಗಲಿಲ್ಲ.

ಗುಂಡಿಯ ಮಣ್ಣು ಮಗುಚಲು ಹೊರಟ ಲೀಲಕ್ಕ
ಈಗಲೂ ಎಡಕ್ಕೆ ವಾಲಿಯೇ
ಇಳಿಯುತ್ತಾರೆ ಮೆಟ್ಟಿಲು,
ಖಾಲಿ ಕೈಯಲ್ಲೂ.